ಬಡ್ಡಿ ಸಮೇತ

ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನ ಮೆಟ್ಟಿಲಿಳಿದು
ಎಡಕ್ಕೆ ಮೂರನೆಯ ಅಂಗಡಿ.
ಕಬ್ಬಿಣದ ಜಾಲರಿಯ ಹಿಂದೆ ಪುಖರಾಜ ಸೇಠ,
ಅವನ ಮಂಡಿಯ ಬಳಿ ಬೊಂಬೆಯಾಟದಷ್ಟೇ ತಕ್ಕಡಿ.
ನನ್ನ ಒಳಜೇಬಿನಲ್ಲಿ ಎರಡು ಸಾವಿರದ ಏಳು ನೂರು,
ಬೆವರಿಗೆ ಮೆತ್ತಗಾದ ಚೀಟಿ,
ಅದರ ಮೇಲೆ ನನ್ನ ಸಹಿ, ಅವ್ವನ ಪಾಟ್ಲಿ.

ಮೂರು ವರ್ಷದ ಕೆಳಗೆ ಒಂದು ಭಾನುವಾರ
ದೇವಾಲಯದಲ್ಲಿ ಇವರೆಲ್ಲ ಮೊಣಕಾಲೂರಿದ್ದಾಗ
ನಾನು ಮಹಾಲಕ್ಷ್ಮಿಯ ಕಟಕಟೆಗೆ ಒರಗಿದ್ದೆ.
ಏಳನೆಯ ನಂಬರಿನ ಕಂದು ಕುದುರೆ
ಕೊನೆಯ ತಿರುವಿನಲ್ಲಿ ನನ್ನತ್ತ ನೋಡಿದ ಹಾಗಿತ್ತು.
ಸೋತದ್ದು ಕುದುರೆಯಲ್ಲ.
ಟ್ರಂಕಿನ ತಳಕ್ಕೆ, ಅವ್ವನ ಸೀರೆಯ ಮಡಿಕೆಗೆ
ಕೈ ಹಾಕಿದ್ದು ಮಾರನೆಯ ರಾತ್ರಿ,
ದೊರ್ಕಕ್ಕ ನೈಟ್ ಡ್ಯೂಟಿಗೆ ಹೋದ ಮೇಲೆ.

ಆಮೇಲೆ ಬಿಟ್ಟೆ. ಕುದುರೆ ಬಿಟ್ಟೆ, ಬೀಡಿ ಬಿಟ್ಟೆ,
ಬಂದರಿನಲ್ಲಿ ಎರಡನೆಯ ಪಾಳಿ ಹಿಡಿದೆ.
ಹಡಗಿನಿಂದಿಳಿವ ಪೆಟ್ಟಿಗೆ ಎಣಿಸಿ ಗೀಟೆಳೆವುದು,
ನಾಲ್ಕು ಉದ್ದಗೀಟು, ಐದಕ್ಕೊಂದು ಅಡ್ಡಗೀಟು.
ನಾನು ಮಾಡಿದ್ದನ್ನು ನಾನೇ ತೀರಿಸುವೆ ಎಂಬ
ಸೊಕ್ಕು. ಅದೂ ರುಚಿಯಾಗಿತ್ತು.

ಸೇಠ ದಪ್ಪ ಪುಸ್ತಕದ ಕೆಂಪು ಬಟ್ಟೆ ಬಿಚ್ಚಿದ,
ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದ.
"ಇದು ಹೋಯಿತಲ್ಲ ಸಾಹೇಬ, ಹನ್ನೊಂದು ತಿಂಗಳಾಯ್ತು.
ಬಿಳಿ ಸೀರೆಯ ಬಾಯಿ, ಎದೆಗೆ ತಲೆಕೆಳಗಾದ ಗಡಿಯಾರ.
ಚೀಟಿ ಕೇಳಿದೆ. ತಮ್ಮನ ಹತ್ತಿರ ಇದೆ,
ಹೆಸರು ಹೇಳಿದರೆ ಸಾಲದೇ ಎಂದರು.
ಬಡ್ಡಿ ಸಮೇತ ಎಣಿಸಿಟ್ಟರು.
ಒಂದು ಪೈಸೆ ಬಿಡು ಅನ್ನಲಿಲ್ಲ."

ಹನ್ನೊಂದು ತಿಂಗಳು.
ಅಂದರೆ ಕ್ರಿಸ್‌ಮಸ್ಸಿಗೆ ಕರ್ಜಿಕಾಯಿ ಕರಿಯುವಾಗ ಅವಳಿಗೆ ಗೊತ್ತಿತ್ತು.
ನನ್ನ ಜ್ವರದ ಹಣೆಗೆ ಒದ್ದೆ ಬಟ್ಟೆ ಹಾಕುವಾಗ
ಗೊತ್ತಿತ್ತು.
ಬರಿಗೈಯಲ್ಲಿ ರೊಟ್ಟಿ ಬಡಿಯುತ್ತ
"ಇನ್ನೊಂದು ಹಾಕ್ಲೇನೋ" ಅಂದಾಗಲೂ.
ಆ ಬರಿಗೈ ನೋಡಿ ನೋಡಿ
ಪಾಪ, ಇವಳಿಗೇನೂ ತಿಳಿಯದು ಎಂದು
ನಾನು ಮರುಗುತ್ತಿದ್ದೆ!

ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟು.
ಇವಳನ್ನು ಕೇಳಿದವರು ಯಾರು?
ನನ್ನ ಮೂರು ವರ್ಷದ ಉಪವಾಸ
ಇನ್ನು ಯಾವ ಪೇಟೆಯಲ್ಲಿ ಚಲಾವಣೆ?
ತಗೋ, ನನ್ನದೂ ತಗೋ, ಎಂದು
ಜಾಲರಿಯೊಳಗೆ ನೋಟು ತುರುಕಿದೆ.
ಸೇಠ ಹೊರಗೆ ತಳ್ಳಿದ:
"ತೀರಿದ ಲೆಕ್ಕಕ್ಕೆ ದುಡ್ಡು ಬರೆದುಕೊಂಡರೆ
ಪುಸ್ತಕ ಕೆಡುತ್ತದೆ."

ಶುಭ ಶುಕ್ರವಾರ ಸಭಾಪಾಲಕ ಯೋಬಪ್ಪನವರು
ಪೀಠ ಗುದ್ದಿ ಗುದ್ದಿ ವಿಮೋಚನೆ ಅನ್ನುತ್ತಾರೆ,
ಬೆಲೆ ತೆತ್ತಾಗಿದೆ ಅನ್ನುತ್ತಾರೆ.
ತೆತ್ತದ್ದು ಯಾರಿಗೆ? ಎಷ್ಟು? ರಸೀದಿ ಎಲ್ಲಿ?
ಹಿಂದಿನ ಬೆಂಚಿನಲ್ಲಿ ಗುಮಾಸ್ತನ ಲೆಕ್ಕ ನನ್ನದು.
ವರ್ಷವಿಡೀ ಬೀರುವಿನಲ್ಲಿರುವ
ಬೆಳ್ಳಿ ಪಾತ್ರೆಯಂಥ ಮಾತು ಅಂದುಕೊಂಡಿದ್ದೆ.
ಅಡವಿನಂಗಡಿಯ ಮಾತು ಅದು,
ಬಿಡಿಸಿಕೊಳ್ಳುವುದೆಂದರೆ ಬಿಡಿಸಿಕೊಳ್ಳುವುದೇ ಎಂದು
ಹೇಳಿದವರಿಲ್ಲ.
ಜಾಲರಿಯಾಚೆ ಅಷ್ಟು ದಿನ ಬಿದ್ದಿದ್ದು ನನ್ನ ಹೆಸರು.
ಅವಳು ಹೋಗಿ ಅದನ್ನೇ ಬಾಯಿಬಿಟ್ಟು ಕೇಳಿದಳು,
ಇವನು ನನ್ನವನು ಎಂದು.

ಮಝಗಾಂವದ ದಿಣ್ಣೆ ಏರಿದೆ. ಒಣ ಬೊಂಬಿಲಿನ ವಾಸನೆ,
ಕೈಗಾಡಿಯವನ ಬೈಗುಳ, ಹಾರ್ಬರ್ ಲೈನಿನ ಕೂಗು.
ಯಾರಿಗೂ ಬೇಡದ ದುಡ್ಡು ಎದೆಗೆ ಚುಚ್ಚುತ್ತಿತ್ತು.

ದೊರ್ಕಕ್ಕ ಗಂಜಿ ಬಸಿಯುತ್ತಿದ್ದವಳು
ತಲೆಯೆತ್ತಿ ನನ್ನ ಮುಖ ನೋಡಿದಳು,
ಉಬ್ಬಿದ ಜೇಬು ನೋಡಿದಳು.
ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತು
ಮೀನಿನ ಮುಳ್ಳಾಗಿ ನಿಂತಿತು ಗಂಟಲಲ್ಲಿ.
"ಕೈ ತೊಳ್ಕೊ, ಅನ್ನ ಆರ್ತದ."

ತೊಳೆದೆ. ನಲ್ಲಿಯಲ್ಲಿ ನೀರು ದಾರದಷ್ಟು.
ಬೆರಳ ಸಂದಿಯ ಬಂದರಿನ ಮಸಿ
ಹೋಗುವಷ್ಟು ಹೋಯಿತು.
ಒಳಗೆ ಟ್ರಂಕಿನ ಮುಚ್ಚಳ ಕಿರ್ರೆಂದಿತು.

ತಟ್ಟೆಗೆ ಬಾಗಿ ಕೂತೆ.
ಸಾರಿನ ಸೌಟು ಬಂತು, ಅದರ ಹಿಂದೆಯೇ
ಒಂದಕ್ಕೊಂದು ತಾಗಿದ ಬಂಗಾರದ ಸಣ್ಣ ಸದ್ದು.
ಕಣ್ಣೆತ್ತಲು ಧೈರ್ಯವಾಗಲಿಲ್ಲ.
ಸಾಕು ಅನ್ನಲೂ ಇಲ್ಲ.